ಒಂದು ಕೈ ವಿರೋಧ

“ಗೆರಿ ನೆಟ್ಟಗ ಎಳೀರಿ, ಕೆಳಗಿನ ಕೀರ್ತನೆ ನಂಬರಿಗೆ ಬಡೀಬಾರದು,” ಎನ್ನುತ್ತ ವಿಜಯಾ ಸ್ಕೇಲನ್ನು ಒತ್ತಿ ಹಿಡಿದು ಮತ್ತೊಂದು ಕಾರ್ಡಿನ ಮೇಲೆ ಪೆನ್ನು ಓಡಿಸಿದಳು.

ಸಿಡ್ನಿಯ ಕ್ವೇಕರ್ಸ್ ಹಿಲ್‌ನ ಬಾಡಿಗೆ ಹಾಲ್‌ನ ಅಡುಗೆಮನೆಯಲ್ಲಿ ಟೀ ನೀರು ಕುದಿಯುತ್ತಿತ್ತು. ಪಕ್ಕದ ಮೇಜಿನ ಸುತ್ತ ಕೂತಿದ್ದ ಹೆಂಗಸರು ಡೊರೊಥಿಯ ಅಂತ್ಯಸಂಸ್ಕಾರದ ಕಾರ್ಡುಗಳಿಂದ ಒಂದೇ ಒಂದು ಸಾಲನ್ನು ಹೊಡೆದುಹಾಕುತ್ತಿದ್ದರು. ಕಾರ್ಡೇನೋ ಚಂದವಾಗಿತ್ತು. ಮುಂದುಗಡೆ ಡೊರೊಥಿಯ ಫೋಟೋ, ಕತ್ತಿಗೆ ಅಳತೆಯ ಟೇಪು ತೂಗುಹಾಕಿಕೊಂಡೇ ನಕ್ಕಿದ್ದು. ಒಳಗೆ ಕೀರ್ತನೆ, ಪ್ರಾರ್ಥನೆ, ದೇವರ ವಾಕ್ಯ. ಅದರ ಕೆಳಗೆ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ, ‘ಯೂಲಜಿ: ಲೆಸ್ಲಿ ಕರ್ಕಡ’. ಅಂದರೆ ಸತ್ತವಳ ಗುಣಗಾನ, ಮಾಡುವವನು ಗಂಡ. ಹೋಗಬೇಕಾಗಿದ್ದದ್ದು ಅದೇ ಸಾಲು.

ಆ ಗಂಡ ಬಾಗಿಲ ಚೌಕಟ್ಟಿಗೆ ಒರಗಿ, ಕಪ್ಪು ಕೋಟಿನ ಜೇಬಿಗೆ ಕೈ ಹಾಕಿಕೊಂಡು ನಿಂತಿದ್ದ. ಜೇಬಿನೊಳಗೆ ಗೆರೆ ಬೀಳದ ಒಂದು ಕಾರ್ಡು ಇತ್ತು.

“ಸಾರಿ ಅಂಕಲ್,” ಎಂದ ರಿಯಾನ್. ಅವನು ಆ ಕನ್ನಡ ಕ್ರೈಸ್ತ ಸಭೆಯ ಪಾಲಕ, ಅಂದರೆ ಪಾದ್ರಿ, ಅದೂ ಭಾನುವಾರ ಮಾತ್ರ. ಉಳಿದ ದಿನ ನಾರ್ತ್ ಸಿಡ್ನಿಯ ಆಫೀಸೊಂದರಲ್ಲಿ ಕಂಪ್ಯೂಟರ್ ಕೆಲಸ. “ಫ್ಯೂನರಲ್ ಕಂಪನಿಯವರ ಟೆಂಪ್ಲೇಟ್ ಹಂಗೇ ಇರುತ್ತೆ, ಎಲ್ಲರಿಗೂ ಅದನ್ನೇ ಪ್ರಿಂಟ್ ಮಾಡ್ಬಿಡ್ತಾರೆ. ನಾನು ಒಂದ್ಸಲ ಚೆಕ್ ಮಾಡ್ಬೇಕಿತ್ತು.”

“ಟೆಂಪ್ಲೇಟ್ ಅಲ್ಲ ಮಾರಾಯ,” ಎಂದ ಲೆಸ್ಲಿ. “ಯೂಲಜಿ ಯಾರು ಮಾಡ್ತಾರೆ ಅಂತ ಕಂಪನಿಯ ಆ ಹುಡುಗಿ ಕೇಳಿದ್ಳು. ನಾನು ಅಂತ ಹೇಳಿದೆ.”

ವಿಜಯಾಳ ಪೆನ್ನು ನಿಂತಿತು.

“ಗೊತ್ತಿದ್ದೂ ಹೇಳಿದ್ರೇನು, ಅಣ್ಣಾರ?”

“ಗೊತ್ತಿದ್ದೇ ಹೇಳಿದೆ.”

ಲೆಸ್ಲಿಗೆ ಮಾತೆಂದರೆ ಊಟ. ಮ್ಯಾಕ್ವೆರಿ ಪಾರ್ಕಿನ ಔಷಧಿ ಕಂಪನಿಯ ಗೋದಾಮಿನಲ್ಲಿ ರಿಟೈರ್ ಆಗುವ ತನಕ ದುಡಿದವನು ಅವನು. ಅಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಲೇ ವಿಯೆಟ್ನಾಮಿನವನಿಗೂ ಲೆಬನಾನಿನವನಿಗೂ ತನ್ನ ಹೆಂಡತಿಯ ಕತೆ ಹೇಳಿ ಹೇಳಿ, ಅವರೆಲ್ಲ ಅವಳನ್ನು ನೋಡುವ ಮೊದಲೇ ಅವಳಿಗೆ ಹೆದರುವ ಹಾಗೆ ಮಾಡಿದ್ದ. ಮನೆಯಲ್ಲಿ ಮಾತ್ರ ಆ ಕತೆಗೆ ಜಾಗ ಇರಲಿಲ್ಲ. ನೆಂಟರ ಮುಂದೆ ಅವನು “ಇವಳ ಕೈಯ ಕೋರಿರೊಟ್ಟಿ ಉಂಟಲ್ಲ” ಎಂದು ಶುರುಮಾಡಿದರೆ ಸಾಕು, ಡೊರೊಥಿ “ಆ ನೀರಿನ ಜಗ್ ಇತ್ತ ಕೊಡಿ” ಎನ್ನುತ್ತಿದ್ದಳು. ಮದುವೆಯಾದಂದಿನಿಂದ ಆ ಜಗ್ ಅವನ ಹೊಗಳಿಕೆಗೆ ಅಡ್ಡ ಬರುತ್ತಲೇ ಇತ್ತು. ಈಗ ಜಗ್ ಕೇಳುವವಳು ಇಲ್ಲ. ಇವತ್ತೊಂದು ದಿನ, ಅವಳ ಎದುರಿನಲ್ಲೇ, ಎಲ್ಲರ ಕಿವಿಗೆ ಬೀಳುವಂತೆ ಪೂರ್ತಿ ಹೇಳಿ ಮುಗಿಸಬೇಕು. ನಾಳೆ ಹೇಳಿದರೆ ಅದು ಬರೀ ಮುದುಕನ ಹರಟೆ.

“ಅಲ್ಲ, ನಂಗೆ ಅರ್ಥ ಆಗ್ದೆ ಕೇಳ್ತೀನಿ,” ಎಂದಳು ಕಪ್ಪು ಒರೆಸುತ್ತಿದ್ದ ಅರುಂಧತಿ. ಮೈಸೂರಿನವಳು, ಕರ್ಕಡರ ಮನೆಯ ಪಕ್ಕದ ಬೇಲಿಯವಳು. ಚರ್ಚಿಗೂ ಅವಳಿಗೂ ಸಂಬಂಧವಿಲ್ಲ, ಡೊರೊಥಿಗೂ ಅವಳಿಗೂ ಇತ್ತು. “ಹೋದೋರ ಬಗ್ಗೆ ನಾಲ್ಕು ಒಳ್ಳೆ ಮಾತು ಆಡಬಾರದು ಅಂದ್ರೆ ಏನ್ರೀ ಇದು? ನಮ್ಮಲ್ಲಿ ಜೀವ ಇರೋ ತನಕ ಬೈದೋರೂ ಅವತ್ತೊಂದು ದಿನ ಹೊಗಳ್ತಾರಪ್ಪ.”

“ಅದಕ್ಕ ನೋಡ್ರಿ. ಡೊರೊಥಿ ಅಕ್ಕಾರೂ ಅದನ್ನ ಅಂತಿದ್ರು,” ಎಂದಳು ವಿಜಯಾ, ತಲೆ ಎತ್ತದೆ.

“ಇದು ಅವಳೇ ತಂದ ರೂಲು,” ಎಂದ ಲೆಸ್ಲಿ. “ನಮ್ಮ ಸಭೆಯಲ್ಲಿ ಯಾರ ಪೆಟ್ಟಿಗೆಯ ಎದುರೂ ಹೊಗಳ್ಲಿಕ್ಕೆ ಇಲ್ಲ. ಕೀರ್ತನೆ, ಪ್ರಾರ್ಥನೆ, ವಾಕ್ಯ. ಹೆಸರು ಹೇಳುವುದು, ಮಣ್ಣು ಮಾಡುವುದು. ಮುಗೀತು.”

“ಅದಕ್ಕೆ ನೀವೂ ಒಪ್ಪಿದ್ರಾ?”

“ಕೈ ಎತ್ತಿದ್ದೆ. ಆಗ ಅವಳು ಬದುಕಿದ್ಳಲ್ಲ.”

ಲೆಸ್ಲಿ ಚೌಕಟ್ಟು ಬಿಟ್ಟು ಒಳಗೆ ಬಂದ.

“ನೋಡು ರಿಯಾನ್, ಸಭೆ ಕಟ್ಟಿದ ಗಂಟನ್ನು ಸಭೆಯೇ ಸಡಿಲಿಸಬಹುದು. ನಾನು ಕೇಳ್ತೇನೆ. ಇವತ್ತೇ ಕೈ ಎತ್ತಿಸು.”

“ಫ್ಯೂನರಲ್ ಮಧ್ಯ ವೋಟಿಂಗಾ ಅಂಕಲ್? ಸೆಮೆಟ್ರಿಯಲ್ಲಿ ನಮಗೆ ಟೈಮ್ ಸ್ಲಾಟ್ ಕೊಟ್ಟಿದಾರೆ.”

“ಕೇಳೂದು ಅವರ ಹಕ್ಕು ಐತಿ,” ಎಂದಳು ವಿಜಯಾ. ಡೊರೊಥಿಯ ಹಾಗೆಯೇ ಅವಳೂ ಸಭೆಯ ಹಿರಿಯರಲ್ಲಿ ಒಬ್ಬಳು, ಕೈ ಎಣಿಸುವುದು ಅವಳ ಕೆಲಸ. “ಆದ್ರ ಅಣ್ಣಾರ, ಒಂದ ಕೈ ಬ್ಯಾಡ ಅಂದ್ರೂ ವಿಷಯ ಮುಂದಿನ ತಿಂಗಳ ಸಭಾಕ್ಕ ಹೋಗ್ತೈತಿ. ನೆನಪೈತಲ್ಲ?”

ಮುಂದಿನ ತಿಂಗಳಿಗೆ ಹೋದರೆ ಮಣ್ಣಿನ ಮೇಲೆ ಹುಲ್ಲು ಬಂದಿರುತ್ತದೆ. ಲೆಸ್ಲಿಗೆ ಅದು ಗೊತ್ತಿತ್ತು.

“ಆ ಕಾನೂನಿನ ಮನೆಯಲ್ಲೇ ಉಂಡು ಮಲಗಿದವ ನಾನು. ನನಗೆ ನೆನಪು ಮಾಡ್ಬೇಡಿ.”

ವಿಜಯಾ ಮುಂದಿನ ಕಾರ್ಡು ಎಳೆದುಕೊಂಡಳು. ಬೇರೆಯವರ ಗೆರೆಗಳು ಅಲ್ಲಲ್ಲಿ ಅಂಕುಡೊಂಕಾಗಿದ್ದವು. ಅವಳದು ಮಾತ್ರ ನೂಲು ಹಿಡಿದಂತೆ ನೇರ. ಅದೇಕೆ ಎಂದು ಅಲ್ಲಿದ್ದ ಅರುಂಧತಿಯೊಬ್ಬಳನ್ನು ಬಿಟ್ಟು ಎಲ್ಲರಿಗೂ ತಿಳಿದಿತ್ತು.

*

ಆ ರೂಲು ಹುಟ್ಟಿದ್ದು ಎಂಟು ವರ್ಷದ ಕೆಳಗೆ, ಒಂದೇ ತಿಂಗಳಲ್ಲಿ ಆದ ಎರಡು ಸಾವುಗಳ ಬೆನ್ನಿಗೆ.

ಮೊದಲು ಹೋದವರು ಒಬ್ಬ ದೊಡ್ಡ ಡಾಕ್ಟರು. ಸಭೆಗೆ ಕ್ರಿಸ್ಮಸ್ಸಿಗೊಮ್ಮೆ, ಈಸ್ಟರಿಗೊಮ್ಮೆ ಬರುತ್ತಿದ್ದವರು. ಅವರ ಪೆಟ್ಟಿಗೆಯ ಮುಂದೆ ಮಾತಾಡಲು ಜನ ಸಾಲುಗಟ್ಟಿದರು. ಮೈಕು, ಪರದೆ, ಪರದೆಯ ಮೇಲೆ ಫೋಟೋಗಳು. ಲೆಸ್ಲಿಯೂ ಬಿಡಲಿಲ್ಲ. ಡಾಕ್ಟರು ಒಮ್ಮೆ ಕಾರ್ ಪಾರ್ಕಿನಲ್ಲಿ ತನ್ನ ನಾಡಿ ಹಿಡಿದು ನೋಡಿದ್ದನ್ನೇ ಹಿಗ್ಗಿಸಿ ಹಿಗ್ಗಿಸಿ, ಕೊನೆಗೆ ತಾನು ಬದುಕಿರುವುದೇ ಅವರಿಂದ ಎನ್ನುವಲ್ಲಿಗೆ ತಂದು ನಿಲ್ಲಿಸಿದ್ದ. ಜನ ಕಣ್ಣು ಒರೆಸಿಕೊಂಡಿದ್ದರು.

ಅದಾಗಿ ಸ್ವಲ್ಪ ದಿನಕ್ಕೆ ಮಲ್ಲವ್ವ ತೀರಿಕೊಂಡಳು. ವಿಜಯಾಳ ತಾಯಿ. ಮಗಳ ಬಾಣಂತನಕ್ಕೆಂದು ಬೆಟಗೇರಿಯಿಂದ ಬಂದಿದ್ದ ಮುದುಕಿ. ಭಾನುವಾರ ಹಾಲ್‌ನ ಕೊನೆಯ ಕುರ್ಚಿಯಲ್ಲಿ ಸೆರಗು ಹೊದ್ದು, ಮಡಿಲಲ್ಲಿ ಕೂಸು ಹಾಕಿಕೊಂಡು ಕೂತಿರುತ್ತಿದ್ದಳು. ಇಲ್ಲಿಯ ಚಳಿ ಅವಳ ಎದೆಗೆ ಒಗ್ಗಲಿಲ್ಲ. ಆಗಿನ ಪಾಲಕರು ಪದ್ಧತಿಯಂತೆ “ಇವರ ಬಗ್ಗೆ ಯಾರಾದರೂ ಎರಡು ಮಾತು” ಎಂದರು.

ಯಾರೂ ಏಳಲಿಲ್ಲ. ಏಳಬಾರದು ಎಂದಲ್ಲ, ಹೇಳಲು ಯಾರ ಬಳಿಯೂ ಏನೂ ಇರಲಿಲ್ಲ. ಕುರ್ಚಿಗಳು ಕಿರುಗುಟ್ಟಿದವು. ಯಾರೋ ಕೆಮ್ಮಿದರು. ವಿಜಯಾ ಅರ್ಧ ಎದ್ದಳು, ಬಾಯಿ ತೆರೆದಳು, ಹಾಗೇ ಕೂತಳು. ಗೋದಾಮಿನ ಪೆಟ್ಟಿಗೆಗಳೊಂದಿಗೂ ಮಾತಾಡಬಲ್ಲ ಲೆಸ್ಲಿ ತನ್ನ ಬೂಟು ನೋಡಿಕೊಂಡು ಕೂತಿದ್ದ. ಆ ಮುದುಕಿಯ ಹೆಸರು ಮಲ್ಲವ್ವ ಎಂದು ಅವನಿಗೆ ಗೊತ್ತಾದದ್ದೇ ಆ ದಿನ. ಕೂಸು ಅತ್ತಿತು. ಪಾಲಕರು ಗಂಟಲು ಸರಿಮಾಡಿಕೊಂಡು ಕೀರ್ತನೆಯ ನಂಬರು ಹೇಳಿದರು.

ಮುಂದಿನ ತಿಂಗಳ ಸಭೆಗೆ ಡೊರೊಥಿ ಅಜ್ಜನ ಪುಸ್ತಕ ಹಿಡಿದುಕೊಂಡು ಬಂದಳು.

ಆ ಪುಸ್ತಕಕ್ಕೆ ರಟ್ಟು ಇರಲಿಲ್ಲ, ಬರೆದವನ ಹೆಸರು ರಟ್ಟಿನೊಂದಿಗೇ ಹೋಗಿತ್ತು. ರಾಜನ ಚರ್ಚು ಬೇಡವೆಂದು ಕೊಟ್ಟಿಗೆಗಳಲ್ಲಿ ಸೇರಿ ಆರಾಧನೆ ಮಾಡುತ್ತಿದ್ದ ಇಂಗ್ಲೆಂಡಿನ ಯಾರೋ ಒಬ್ಬ ಹಳೇ ಕಾಲದವನು ಬರೆದದ್ದು, ಜರ್ಮನಿಯ ಒಬ್ಬ ಪಾದ್ರಿ ಕನ್ನಡಕ್ಕೆ ತಂದದ್ದು, ಮಂಗಳೂರಿನ ಮಿಶನ್ ಪ್ರೆಸ್ಸಿನಲ್ಲಿ ಡೊರೊಥಿಯ ಅಜ್ಜ ಒಂದೊಂದೇ ಅಚ್ಚಿನ ಮೊಳೆ ಜೋಡಿಸಿ ಮುದ್ರಿಸಿದ್ದು. ಅರ್ಧ ಪುಸ್ತಕ ಮನುಷ್ಯನಿಗೆ ರಕ್ಷಣೆ ಹೇಗೆ ಎಂಬುದು, ಉಳಿದರ್ಧ ಸಭೆ ನಡೆಯಬೇಕಾದ್ದು ಹೇಗೆ ಎಂಬುದು. ಎರಡೂ ಒಂದೇ ಮಾತು ಎಂದು ಡೊರೊಥಿಯ ವಾದ. ಭಾನುವಾರ ಟೀ ಆದ ಮೇಲೆ ಒಂದು ಪುಟ ಓದಿ, ಸಿಕ್ಕಿದವರ ಜೊತೆ ಜಗಳ ತೆಗೆಯುವುದು ಅವಳ ರೂಢಿ. ಕೆಲವು ಸಲ ಪುಸ್ತಕದ ಜೊತೆಯೇ ಜಗಳ. ಹೆಂಗಸರು ಸಭೆಯಲ್ಲಿ ಬಾಯಿ ಮುಚ್ಚಿರಬೇಕು ಎಂದು ಅದರಲ್ಲಿ ಬರೆದ ಪುಟದ ಅಂಚಿಗೆ ‘ಇಲ್ಲ’ ಎಂದು ಪೆನ್ಸಿಲ್ಲಿನಲ್ಲಿ ಗೀಚಿದ್ದಳು.

ಆವತ್ತು ಅವಳು ಓದಿದ್ದು ಇಷ್ಟು: “ಯೋಗ್ಯತೆಯಿಂದ ಒಬ್ಬನೂ ಒಳಗೆ ಬಾರನು, ಕೃಪೆಯಿಂದಲೇ ಬರುವನು. ಆದುದರಿಂದ ಹೊರಡುವವನ ಯೋಗ್ಯತೆಯನ್ನು ಬಾಗಿಲಲ್ಲಿ ನಿಂತು ಕೂಗಬೇಡಿರಿ.”

ಪುಸ್ತಕ ಮಡಚಿ ಹೇಳಿದಳು. “ಡಾಕ್ಟ್ರಿಗೆ ಇಷ್ಟುದ್ದ, ಮಲ್ಲವ್ವನವರಿಗೆ ಇಷ್ಟು ಗಿಡ್ಡ ಅಂತ ಅಳೀಲಿಕ್ಕೆ ನಾವು ಯಾರು? ಅಳತೆ ನನ್ನ ಅಂಗಡಿಯಲ್ಲಿ ಇರ್ಲಿ.”

ಅವಳದು ಸ್ಟೇಷನ್ನಿನ ಹತ್ತಿರ ಒಂದು ಚಿಕ್ಕ ಆಲ್ಟರೇಶನ್ ಅಂಗಡಿ. ಪ್ಯಾಂಟು ಗಿಡ್ಡ ಮಾಡುವುದು, ಸ್ಕೂಲ್ ಯೂನಿಫಾರ್ಮಿನ ಮಡಿಕೆ ಬಿಚ್ಚಿ ಉದ್ದ ಮಾಡುವುದು. ಎಲ್ಲರೂ ಕೈ ಎತ್ತಿದರು. ಎಲ್ಲರಿಗಿಂತ ಮೊದಲು ಎದ್ದದ್ದು, ನಾಡಿಯ ಕತೆ ಹೇಳಿದ್ದ ಲೆಸ್ಲಿಯ ಕೈ.

*

ಪೆಟ್ಟಿಗೆ ಬಂತು. ಜನ ತುಂಬಿದರು. ಗೋಡೆಯ ಮೇಲೆ, ವಾರದ ದಿನ ಅಲ್ಲಿ ಆಡುವ ಮಕ್ಕಳು ಬಳಿದ ಕಾಂಗರೂಗಳು ಸಾಲಾಗಿ ನಿಂತಿದ್ದವು. ಅವುಗಳ ಕೆಳಗೆ ಡೊರೊಥಿಯ ಪೆಟ್ಟಿಗೆ ಗಾಲಿಯ ಮೇಲೆ ನಿಂತಿತು. ಮೆಲ್ಬರ್ನಿನಿಂದ ಮೊನ್ನೆಯೇ ಬಂದಿದ್ದ ಮಗಳು ಜೆನಿಸ್ ಮುಂದಿನ ಸಾಲಿನಲ್ಲಿ ಕೂತು, ಅಪ್ಪನಿಗೆಂದು ಪಕ್ಕದ ಕುರ್ಚಿಯ ಮೇಲೆ ತನ್ನ ಬ್ಯಾಗು ಇಟ್ಟಿದ್ದಳು.

ಬಾಗಿಲಲ್ಲಿ ಎತ್ತರದ ಆಳೊಬ್ಬರು ಬಗ್ಗಿ ಒಳಬಂದು ಲೆಸ್ಲಿಯ ಎರಡೂ ಕೈ ಹಿಡಿದರು. ಎಡ್ವಿನ್ ಸಾಲಿನ್ಸ್. ಮೆಲ್ಬರ್ನಿನ ಕನ್ನಡ ಸಭೆಯ ಮುಖ್ಯಸ್ಥರು. ದೊಡ್ಡ ಸಭೆ, ಸ್ವಂತ ಕಟ್ಟಡ, ಸ್ವಂತ ಪಾರ್ಕಿಂಗು.

“ಕಾರಿನಲ್ಲೇ ಬಂದ್ರಾ?” ಎಂದ ಲೆಸ್ಲಿ.

“ಮತ್ತೆಂತ. ಆ ರಸ್ತೆಯಲ್ಲಿ ಬರುವಾಗ ನಿಮ್ಮ ಹೆಂಡತಿಯನ್ನು ನೆನಪು ಮಾಡ್ಕೊಂಡು ಬೈಲಿಕ್ಕೆ ಟೈಮು ಸಿಗ್ತದೆ.” ಅವರ ಕಣ್ಣು ಒದ್ದೆಯಾಗಿತ್ತು. “ನನಗೆ ಎರಡು ನಿಮಿಷ ಮಾತಾಡ್ಲಿಕ್ಕೆ ಬಿಡಿ ಲೆಸ್ಲಿ. ನನ್ನನ್ನು ಸೋಲಿಸಿದವಳ ಬಗ್ಗೆ ನಾನೇ ಹೇಳ್ಬೇಕು.”

“ನಿಮಗೂ ಇಲ್ರಿ,” ಎಂದಳು ಕಾರ್ಡು ಹಂಚುತ್ತಿದ್ದ ವಿಜಯಾ, ಗೆರೆ ಹೊಡೆದ ಒಂದನ್ನು ಅವರ ಕೈಗಿಡುತ್ತ.

ಸಾಲಿನ್ಸ್ ಗೆರೆಯನ್ನು ನೋಡಿದರು. ಆಮೇಲೆ ಒಂದು ಕಾಲನ್ನು ಖಾಲಿ ಕುರ್ಚಿಯ ಮೇಲಿಟ್ಟು, ಕಪ್ಪು ಪ್ಯಾಂಟಿನ ಅಂಚನ್ನು ಮಗುಚಿ ತೋರಿಸಿದರು. ಒಳಗೆ ಇರುವೆ ಸಾಲಿನಂಥ ಸಣ್ಣ ಹೊಲಿಗೆ.

“ಅವತ್ತು ಹಾಕಿದ್ದು. ಇನ್ನೂ ಒಂದು ಎಳೆ ಬಿಟ್ಟಿಲ್ಲ.”

“ಹೊಗಳಾಕತ್ತೀರಿ,” ಎಂದಳು ವಿಜಯಾ.

“ಹೊಗಳಿಕೆ ಅಲ್ಲಮ್ಮ. ಇದು ಪ್ಯಾಂಟು.”

ಆ ದಿನ ಮೊದಲ ಸಲ ಯಾರೋ ನಕ್ಕರು. ಲೆಸ್ಲಿಯ ಎದೆ ಉಬ್ಬಿತು. ಪ್ಯಾಂಟಿನ ಒಂದು ಅಂಚಿಗೇ ಇಷ್ಟು ಕತೆ ಇದೆಯೆಂದರೆ, ತಾನು ಬಾಯಿ ಬಿಟ್ಟರೆ ಹೇಗಿರಬಹುದು. ಅವನು ಶುರುಮಾಡಬೇಕೆಂದುಕೊಂಡದ್ದೂ ಅಲ್ಲಿಂದಲೇ.

*

ಅದು ನಾಲ್ಕು ವರ್ಷದ ಹಿಂದಿನ ಮಾತು. ಸಿಡ್ನಿಯ ಸಭೆ ಕಾರುಗಳಲ್ಲಿ ತುಂಬಿಕೊಂಡು ಮೆಲ್ಬರ್ನಿಗೆ ಹೋಗಿತ್ತು, ಈಸ್ಟರ್ ಕೂಟಕ್ಕೆ. ಅಲ್ಲಿ ಸಾಲಿನ್ಸ್ ಒಂದು ಮಾತು ಮುಂದಿಟ್ಟರು. ಸಿಡ್ನಿಯವರು ಮೆಲ್ಬರ್ನಿನ ಶಾಖೆಯಾಗಲಿ. ಸಂಬಳದ ಪಾಲಕರನ್ನು ಕೊಡುತ್ತೇವೆ, ಕಟ್ಟಡಕ್ಕೆ ಮಾರ್ಟ್‌ಗೇಜ್ ನಾವು ನೋಡಿಕೊಳ್ಳುತ್ತೇವೆ. ಬದಲಿಗೆ ತಿಂಗಳ ಸಭೆ, ಕೈ ಎತ್ತುವುದು, ಅದೆಲ್ಲ ಬೇಡ. ಇಲ್ಲಿಯ ಕಮಿಟಿ ತೀರ್ಮಾನ ಮಾಡುತ್ತದೆ, ನೀವು ಆರಾಧನೆ ಮಾಡಿ ನೆಮ್ಮದಿಯಾಗಿರಿ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು ಅದು. ಬಾಡಿಗೆ ಹಾಲ್‌ನ ಸೋರುವ ನಲ್ಲಿ, ಭಾನುವಾರ ಬೆಳಿಗ್ಗೆ ಬೇರೆಯವರ ಹುಟ್ಟುಹಬ್ಬದ ಬಲೂನು ಗುಡಿಸುವುದು, ಇದರಿಂದ ಬೇಸತ್ತಿದ್ದ ಸಿಡ್ನಿಯವರಿಗೆ ಅದು ಸ್ವರ್ಗದ ಹಾಗೆ ಕೇಳಿಸಿತು. ಲೆಸ್ಲಿಗೂ.

ಟೀ ವಿರಾಮದಲ್ಲಿ ಡೊರೊಥಿಯ ಕಣ್ಣು ಸಾಲಿನ್ಸರ ಕಾಲಿನ ಮೇಲೆ ಬಿತ್ತು. ಹೊಸ ಸೂಟು. ಒಂದು ಅಂಚು ಬಿಚ್ಚಿ ಬೂಟಿನ ಮೇಲೆ ಜೋತಾಡುತ್ತಿತ್ತು.

“ಹೀಗೆ ವೇದಿಕೆ ಹತ್ತಿದ್ರೆ ಎಡವಿ ಬೀಳ್ತೀರಿ. ಕುರ್ಚಿ ಮೇಲೆ ನಿಲ್ಲಿ.”

ಅಷ್ಟು ದೊಡ್ಡ ಮನುಷ್ಯ ಕುರ್ಚಿಯ ಮೇಲೆ ನಿಂತರು. ಡೊರೊಥಿ ನೆಲದ ಮೇಲೆ ಮೊಣಕಾಲೂರಿ, ಪರ್ಸಿನ ಸೂಜಿ ತೆಗೆದು ಅಂಚು ಹೊಲಿದಳು, ಹಲ್ಲಿನಿಂದ ದಾರ ಕಡಿದಳು. “ಈಗ ಸರಿ” ಎಂದು ಎದ್ದು ಒಳಗೆ ಹೋದಳು. ಒಳಗೆ ಹೋಗಿ ಅವರ ವಿರುದ್ಧ ಕೈ ಎತ್ತಿದಳು.

ಒಂದೇ ಕೈ. ಇಡೀ ಸಿಡ್ನಿ ಸಭೆ ಒಪ್ಪಿ ಎತ್ತಿದ ಮೇಲೆ, ವಿರೋಧ ಇರುವವರು ಯಾರು ಎಂದು ಬರೀ ಪದ್ಧತಿಗೆ ಕೇಳಿದ್ದಕ್ಕೆ, ಗಂಡನ ಪಕ್ಕದ ಕುರ್ಚಿಯಿಂದಲೇ ಎದ್ದ ಕೈ.

“ನನ್ನ ಮತ್ತು ದೇವರ ನಡುವೆ ಯಾರೂ ನಿಲ್ಲಬೇಕಾಗಿಲ್ಲ ಅಂತ ನಂಬಿದವರು ನಾವು,” ಎಂದಳು, ಕೈ ಇಳಿಸದೆ. “ಅಷ್ಟು ದೊಡ್ಡ ವಿಷಯವನ್ನೇ ನನ್ನ ಕೈಗೆ ಬಿಟ್ಟಿದ್ದಾರೆ. ಹಾಗಿರುವಾಗ ಹಾಲ್‌ನ ನಲ್ಲಿ ರಿಪೇರಿ ಮಾತ್ರ ಬೇರೆ ಊರಿನವರು ತೀರ್ಮಾನ ಮಾಡ್ಬೇಕಾ?”

ಪುಸ್ತಕದಲ್ಲಿದ್ದ ಕ್ರಮ ಹಾಗೇ ಇತ್ತು: ಒಬ್ಬನ ಮನಸ್ಸಾಕ್ಷಿ ಒಪ್ಪದಿದ್ದರೂ ಸಭೆ ಮುಂದೆ ಹೆಜ್ಜೆ ಇಡದೆ ಒಂದು ತಿಂಗಳು ಕಾಯಬೇಕು. ಎಣಿಸಿ ಆಯಿತು, ಬರೆದುಕೊಂಡಾಯಿತು. ಆದರೂ ಅವಳು ಕೈ ಇಳಿಸಲಿಲ್ಲ. ಎಲ್ಲರೂ ಪೂರ್ತಿ ನೋಡಲಿ ಎನ್ನುವಂತೆ ಹಿಡಿದೇ ಇದ್ದಳು. ಲೆಸ್ಲಿ ನಾಚಿಕೆಯಿಂದ ಚಾವಣಿಯ ಫ್ಯಾನು ನೋಡುತ್ತಿದ್ದ.

ವಾಪಸು ಬರುವಾಗ ಹೆದ್ದಾರಿಯ ಬದಿ ಕಾಫಿಗೆ ನಿಲ್ಲಿಸಿದರು.

“ನನಗೊಂದು ಮಾತು ಮೊದಲೇ ಹೇಳ್ಲಿಕ್ಕೆ ಆಗ್ತಿರ್ಲಿಲ್ವಾ?” ಎಂದ ಲೆಸ್ಲಿ. “ನಾನು ಪರ, ನೀನು ವಿರುದ್ಧ. ಎಂತ ತಮಾಷೆ ಆಯ್ತು ಜನರಿಗೆ.”

“ಹೇಳಿದ್ರೆ ಏನು ಮಾಡ್ತಿದ್ರಿ?”

“ನಿನ್ನ ಜೊತೆ ಎತ್ತುತ್ತಿದ್ದೆ.”

“ಅದಕ್ಕೇ ಹೇಳ್ಲಿಲ್ಲ. ನನಗೋಸ್ಕರ ಎತ್ತಿದ್ರೆ ಅದು ನಿಮ್ಮ ಕೈಯಾ? ನಿಮಗೆ ಸರಿ ಅನ್ನಿಸಿತು, ಎತ್ತಿದ್ರಿ. ನನಗೆ ಬೇಜಾರೇ ಇಲ್ಲ.” ಅವಳು ಕಾಫಿ ಕಪ್ಪನ್ನು ಎಡಗೈಗೆ ಬದಲಾಯಿಸಿಕೊಂಡು ಭುಜ ಮುಂದೆ ಮಾಡಿದಳು. “ಇಲ್ಲಿ ಸ್ವಲ್ಪ ತಿಕ್ಕಿ. ಬಹಳ ಹೊತ್ತು ಹಿಡಿದೆ ಅಂತ ಕಾಣ್ತದೆ.”

ಅವನು ತಿಕ್ಕಿದ. ತಿಕ್ಕುತ್ತ ತಿಕ್ಕುತ್ತ ಸಿಟ್ಟು ಇಳಿಯಿತು. ಮರುದಿನ ಗೋದಾಮಿನಲ್ಲಿ ಲೆಬನಾನಿನವನಿಗೆ ಕತೆ ಹೇಳುವಷ್ಟರಲ್ಲಿ ಅದು ಪೂರ್ತಿ ಹೆಮ್ಮೆಯಾಗಿತ್ತು.

ಮುಂದಿನ ತಿಂಗಳೂ ಅವಳೊಬ್ಬಳೇ. ಅದರ ಮುಂದಿನ ತಿಂಗಳು ವಿಜಯಾಳ ಕೈ ಸೇರಿತು. ಆಮೇಲೆ ಇನ್ನೊಂದು, ಮತ್ತೊಂದು. ಕೊನೆಗೆ ಸಾಲಿನ್ಸರೇ ಫೋನು ಮಾಡಿ, ಬಿಡಿ, ನಲ್ಲಿ ನೀವೇ ರಿಪೇರಿ ಮಾಡಿಸಿಕೊಳ್ಳಿ ಎಂದು ನಕ್ಕರು. ಲೆಸ್ಲಿಯ ಕೈ ಮಾತ್ರ ಕೊನೆಯವರೆಗೂ ಮೆಲ್ಬರ್ನಿನ ಪರವಾಗಿಯೇ ಎದ್ದಿತ್ತು. ನಲ್ಲಿ ಇವತ್ತಿಗೂ ಸೋರುತ್ತದೆ.

*

ಮೊದಲ ಕೀರ್ತನೆ ಮುಗಿಯಿತು. ಪ್ರಾರ್ಥನೆ, ವಾಕ್ಯ ಆದವು. ರಿಯಾನ್ ಮೈಕಿನ ಮುಂದೆ ನಿಂತು, ಬೆರಳಲ್ಲಿ ಕಾಲರು ಸಡಿಲ ಮಾಡಿಕೊಂಡ.

“ಒಂದು ಸಣ್ಣ ವಿಷಯ. ನಮ್ಮ ಸಭೆಯ ಪದ್ಧತಿ ನಿಮಗೆಲ್ಲ ಗೊತ್ತು. ಲೆಸ್ಲಿ ಅಂಕಲ್ ಇವತ್ತೊಂದು ದಿನ ಅದನ್ನ ಸಡಿಲಿಸಿ ಅಂತ ಕೇಳ್ತಿದ್ದಾರೆ. ಈ ಸಭೆಯ ಮೆಂಬರ್ಸ್ ಮಾತ್ರ ಕೈ ಎತ್ತಬೇಕು, ಗೆಸ್ಟ್ಸ್ ದಯವಿಟ್ಟು ಕ್ಷಮಿಸಿ. ಅಂಕಲ್, ನೀವು ಹೇಳಿ.”

ಲೆಸ್ಲಿ ಎದ್ದ. ಜೇಬಿನ ಕಾರ್ಡು ಮುಟ್ಟಿ ನೋಡಿಕೊಂಡ.

“ನನಗೆ ಮಾತಾಡ್ಲಿಕ್ಕೆ ಎಷ್ಟು ಇಷ್ಟ ಅಂತ ನಿಮಗೆ ಗೊತ್ತುಂಟು. ಇವಳ ವಿಷಯ ಒಂದು ಬಿಟ್ಟು ಬೇರೆ ಎಲ್ಲ ಮಾತಾಡಿದ್ದೇನೆ. ಇವಳು ಬಿಡ್ಲಿಲ್ಲ. ಇವತ್ತು ನೀವು ಬಿಡಿ.”

ಅಷ್ಟೇ. ಕೂತ. ಹಿಂದೆ ಅರುಂಧತಿ ಮೂಗು ಸೀಟಿದ್ದು ಕೇಳಿಸಿತು.

“ಒಪ್ಪಿಗೆ ಇರೋರು?” ಎಂದ ರಿಯಾನ್.

ಕೈಗಳು ಎದ್ದವು. ಮುದುಕರವು, ಹುಡುಗರವು, ಮಗುವನ್ನು ಒಂದು ಕೈಗೆ ಬದಲಾಯಿಸಿಕೊಂಡು ಇನ್ನೊಂದು ಎತ್ತಿದ ತಾಯಂದಿರವು. ಮೆಲ್ಬರ್ನಿನ ಸಭೆಗೆ ಸೇರಿದ ಜೆನಿಸ್‌ಳ ಕೈ ತಾನಾಗಿ ಅರ್ಧ ಎದ್ದು ನೆನಪಾಗಿ ಇಳಿಯಿತು. ಅದನ್ನು ಅವಳು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡಳು. ಲೆಸ್ಲಿ ತಿರುಗಿ ತಿರುಗಿ ನೋಡಿದ. ಒಂದಾದರೂ ಕೆಳಗಿದೆಯೇ? ಇರಲಿಲ್ಲ. ಮೊದಲ ವಾಕ್ಯ ಬಾಯಿಗೆ ಬಂದೇಬಿಟ್ಟಿತ್ತು.

ವಿಜಯಾ ಪೆಟ್ಟಿಗೆಯ ಪಕ್ಕ ನಿಂತು ಎಣಿಸುತ್ತಿದ್ದಳು. ಎಣಿಸುವವಳು ಕೊನೆಗೆ ತನ್ನದನ್ನು ಹೇಳಬೇಕು. ಅವಳು ಕಾರ್ಡುಗಳ ಕಟ್ಟನ್ನು ಪೆಟ್ಟಿಗೆಯ ಅಂಚಿಗೆ ಇಟ್ಟು, ಕ್ಷಣ ಹೊತ್ತು ಡೊರೊಥಿಯ ಫೋಟೋ ನೋಡಿ, ಬಲಗೈ ಎತ್ತಿದಳು. ಲೆಸ್ಲಿಯ ಪರವಾಗಿ. ಬೆರಳಿಗೆ ಪೆನ್ನಿನ ಮಸಿ ಮೆತ್ತಿತ್ತು.

ಲೆಸ್ಲಿ ಆ ಕೈಯನ್ನೇ ನೋಡಿದ. ಮಲ್ಲವ್ವನ ದಿನ ಕುರ್ಚಿಗಳು ಕಿರುಗುಟ್ಟಿದ ಸದ್ದು ಅವನ ಕಿವಿಗೆ ಬಂತು. ಯಾರೋ ಕೆಮ್ಮಿದ್ದು. ಇದೇ ಹಾಲ್, ಇದೇ ಜಾಗ, ಅರ್ಧ ಎದ್ದು ಕೂತವಳು ಇವಳೇ.

“ಎಲ್ಲಾ ಕೈನೂ ಆದವು,” ಎಂದಳು ವಿಜಯಾ.

“ಅಣ್ಣಾರದ ಆಗಿಲ್ಲ,” ಎಂದರು ಹಿಂದಿನಿಂದ ಯಾರೋ, ನಗುತ್ತ.

“ಅವರದೇನು ಕೇಳೂದೈತಿ.”

ರಿಯಾನ್ ಮೈಕನ್ನು ಸ್ಟ್ಯಾಂಡಿನಿಂದ ಬಿಡಿಸಿ ಲೆಸ್ಲಿಯ ಕಡೆ ಒಂದು ಹೆಜ್ಜೆ ಇಟ್ಟ. ಇಡುತ್ತಲೇ, ಕೇಳಲೇಬೇಕಾದ್ದನ್ನು ಕೇಳಿದ. “ವಿರೋಧ ಇರೋರು?”

ಲೆಸ್ಲಿ ಕೈ ಎತ್ತಿದ.

ಹಾಲ್‌ನಲ್ಲಿ ಕತ್ತುಗಳು ತಿರುಗಿದವು.

“ಅಂಕಲ್, ಇದು ವಿರೋಧಕ್ಕೆ,” ಎಂದ ರಿಯಾನ್ ಮೆಲ್ಲಗೆ, ಮೈಕನ್ನು ಎದೆಗೆ ಒತ್ತಿಕೊಂಡು.

“ಗೊತ್ತುಂಟು.”

ವಿಜಯಾ ಎರಡು ಹೆಜ್ಜೆ ಹತ್ತಿರ ಬಂದಳು. ದನಿ ಅವಳ ಹಿಡಿತದಲ್ಲಿ ಇರಲಿಲ್ಲ. “ಅಣ್ಣಾರ, ಅಕ್ಕಾರ ಸಲುವಾಗಿ ಎತ್ತಾಕ ಬರೂದಿಲ್ಲ. ಅವರ ಹೇಳ್ತಿದ್ರಲ್ಲ.”

“ಅವಳದ್ದಲ್ಲ ವಿಜಯಾ,” ಎಂದ ಲೆಸ್ಲಿ. “ಇದು ನನ್ನ ಕೈ.”

ಕಿವಿ ಬಿಸಿಯಾಗಿತ್ತು. ಹಾಲ್‌ನ ಅಷ್ಟೂ ಕಣ್ಣುಗಳು ತನ್ನ ಅಂಗೈಯ ಮೇಲಿವೆ ಎನಿಸಿತು. ಕೈ ಇಷ್ಟು ಭಾರ ಇರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಎಲ್ಲರ ಜೊತೆ ಎತ್ತಿದಾಗ ಅದು ಇಷ್ಟು ತೂಗಿರಲಿಲ್ಲ. ಡೊರೊಥಿ ಮೆಲ್ಬರ್ನಿನಲ್ಲಿ, ಅಷ್ಟು ಜನರ ನಡುವೆ, ತಾನು ಫ್ಯಾನು ನೋಡುತ್ತಿರುವಾಗ, ಇದನ್ನೇ ಹಿಡಿದುಕೊಂಡು ಕೂತಿದ್ದಳು.

ವಿಜಯಾ ಕಣ್ಣು ಒರೆಸಿಕೊಂಡು ನೆಟ್ಟಗೆ ನಿಂತಳು. ಎಣಿಸುವ ದನಿಯಲ್ಲೇ ಹೇಳಿದಳು.

“ಒಂದು.”

“ವಿಷಯ ಮುಂದಿನ ತಿಂಗಳ ಸಭೆಗೆ,” ಎಂದ ರಿಯಾನ್. ಮತ್ತೇನು ಹೇಳಬೇಕೋ ತಿಳಿಯದೆ ಕೀರ್ತನೆಯ ನಂಬರು ಹೇಳಿದ.

ಎಲ್ಲರೂ ಎದ್ದರು. ಹಿಂದೆ ಸಾಲಿನ್ಸರ ದಪ್ಪ ದನಿ ಶುರುವಾಯಿತು, ಮಿಕ್ಕವರು ಸೇರಿಕೊಂಡರು. ಹಾಡಲು ಬಾರದ ಅರುಂಧತಿ ಗೆರೆ ಹೊಡೆದ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಜೆನಿಸ್ ಅಪ್ಪನ ತೋಳು ಹಿಡಿದು ಇಳಿಸಲು ನೋಡಿದಳು. ಇಳಿಯಲಿಲ್ಲ. ಭುಜದ ಹತ್ತಿರ, ಅವನು ಕಾಫಿಯ ಅಂಗಡಿಯಲ್ಲಿ ಡೊರೊಥಿಗೆ ತಿಕ್ಕಿದ್ದನಲ್ಲ, ಅದೇ ಜಾಗದಲ್ಲಿ ನೋವು ಶುರುವಾಗಿತ್ತು. ಮಗಳು ಒಂದು ಕ್ಷಣ ಅಪ್ಪನ ಮುಖ ನೋಡಿ, ಎಳೆಯುವುದನ್ನು ಬಿಟ್ಟು, ಆ ತೋಳಿನ ಕೆಳಗೆ ತನ್ನ ಹೆಗಲು ಕೊಟ್ಟಳು.

ಪೆಟ್ಟಿಗೆ ಬಾಗಿಲ ಕಡೆ ತಿರುಗಿತು. ಹಾಡುತ್ತಿದ್ದ ತಲೆಗಳ ಮೇಲೆ ಲೆಸ್ಲಿಯ ಕೈ ಇನ್ನೂ ಎದ್ದೇ ಇತ್ತು.